ಕ್ವಾರಿಯ ರಿಜಿಸ್ಟರ್ ಬೆಳಿಗ್ಗೆನೇ ಬರೆಯಬೇಕು

ಇಳಕಲ್ ಹತ್ತಿರದ ಒಂದು ಖಡಿ ಕಲ್ಲಿನ ಕ್ವಾರಿಗೆ ಮೈನಿಂಗ್ ಮೇಟ್ ಆಗಿ, ಅಂದರೆ ಆಳುಗಳ ಕೆಲಸ ಮತ್ತು ಸುರಕ್ಷತೆ ನೋಡಿಕೊಳ್ಳುವವನಾಗಿ, ಸೇರಿದ ದಿನ ನಾನು ಮೊದಲು ಕೇಳಿದ್ದು ತಪಾಸಣೆ ರಿಜಿಸ್ಟರ್. ವಾರದ ಆರೂ ದಿನಕ್ಕೆ ಒಂದೇ ಪೆನ್ನು, ಒಂದೇ ಸಾಲು: 'ಎಲ್ಲ ಸರಿ ಇದೆ'. ಶನಿವಾರ ಸಂಜೆ ಕೂತು ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು.

"ನಮ್ದು ಸಣ್ಣ ಕ್ವಾರಿರಿ. ಲೀಸ್ ಐತಿ, ರಾಜಧನ ಕಟ್ಟೇವಿ. ಮತ್ತೇನ್ ಬೇಕ್ರಿ?" ಅಂದರು ಮಾಲೀಕರು. ಲೀಸು, ರಾಜಧನ ನೋಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಆಳುಗಳ ಜೀವದ ಲೆಕ್ಕ ಕೇಳುವುದು ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಈ ವ್ಯತ್ಯಾಸ ಬಹಳ ಮಾಲೀಕರಿಗೆ ಗೊತ್ತಿರುವುದಿಲ್ಲ. 1952ರ ಗಣಿ ಕಾಯ್ದೆಯ ಬಹುಪಾಲು ನಿಯಮಗಳಿಂದ ಕಟ್ಟಡ ಕಲ್ಲಿನ ಕ್ವಾರಿಗೆ ವಿನಾಯಿತಿ ಇತ್ತು, ನಿಜ. ಆದರೆ ಆಳ ಎಲ್ಲೂ 6 ಮೀಟರ್ ದಾಟಬಾರದು, ಯಾವ ದಿನವೂ 50ಕ್ಕಿಂತ ಜಾಸ್ತಿ ಜನ ಇರಬಾರದು, ಸ್ಫೋಟಕ ಬಳಸಲೇಬಾರದು. ಒಂದು ತಪ್ಪಿದರೂ ವಿನಾಯಿತಿ ಹೋಯಿತು. ನಾವು ವಾರಕ್ಕೆರಡು ಸಲ ಬ್ಲಾಸ್ಟಿಂಗ್ ಮಾಡುತ್ತಿದ್ದೆವು. ಟೇಪ್ ಇಳಿಬಿಟ್ಟು ಅಳೆದರೆ ಒಂದೇ ಗೋಡೆ 11 ಮೀಟರ್.

ಅದನ್ನು ಮೆಟ್ಟಿಲು ಮಾಡಲು ಎರಡು ತಿಂಗಳು ಬೇಕಾಯಿತು. ಮೇಲಿನ ಗರಸು ಮಣ್ಣಿಗೆ ಒಂದೂವರೆ ಮೀಟರ್, ಕೆಳಗಿನ ಗಟ್ಟಿ ಕಲ್ಲಿಗೆ 6 ಮೀಟರ್ ಎತ್ತರ ಮೀರದ ಮೆಟ್ಟಿಲು. ಇದಕ್ಕೆ ನಾವು ಬೆಂಚ್ ಅನ್ನುತ್ತೇವೆ. ಆ ಎರಡು ತಿಂಗಳು ಖಡಿ ಮಷಿನ್‌ಗೆ ಅರ್ಧ ಕಲ್ಲೂ ಹೋಗಲಿಲ್ಲ. ಮಾಲೀಕರು ಮುಖ ಗಂಟು ಹಾಕಿಕೊಂಡೇ ಓಡಾಡಿದರು. ಆದರೂ ಕೆಲಸ ನಿಲ್ಲಿಸಲಿಲ್ಲ, ಅದಕ್ಕೆ ಅವರಿಗೆ ಇವತ್ತಿಗೂ ಋಣಿ.

ಆಳುಗಳು ಇಳಿಯುವ ಮೊದಲು ಹಾರೆ ಹಿಡಿದು ಒಂದು ಸುತ್ತು ಹಾಕುವುದು ನನ್ನ ಪದ್ಧತಿ. ಕಲ್ಲಿಗೆ ಬಡಿದರೆ ಗಟ್ಟಿ ಬಂಡೆ ಖಣ್ ಅನ್ನುತ್ತದೆ. ಒಳಗೆ ಬಿಟ್ಟುಕೊಂಡದ್ದು ಖಾಲಿ ಕೊಡದ ಹಾಗೆ ಡಬ್ ಅನ್ನುತ್ತದೆ. ಮಳೆ ಬಂದ ಮರುದಿನ ಎರಡನೇ ಬೆಂಚಿನ ಅಂಚಿನಲ್ಲಿ ಬೆರಳು ತೂರುವಷ್ಟು ಬಿರುಕು ಕಂಡಿತು. ಬಡಿದೆ. ಡಬ್. "ಮೇಟ್ರೀ, ನಿನ್ನೇನೂ ಹಿಂಗ ಇತ್ರಿ ಅದು" ಅಂದ ಡ್ರಿಲ್ಲಿಂಗ್ ಹುಡುಗ. ಕೆಳಗೆ ಯಾರನ್ನೂ ಬಿಡದೆ ಹಗ್ಗ ಕಟ್ಟಿಸಿದೆ. ಹಿಟಾಚಿಯವರು ದೂರದಿಂದ ಬಕೆಟ್ ತಾಗಿಸಿದ್ದೇ ತಡ, ಟ್ರಾಕ್ಟರ್ ಟ್ರೇಲರ್‌ನಷ್ಟು ದೊಡ್ಡ ತುಂಡು ಜಾರಿ ಬಿತ್ತು. ಬಿದ್ದದ್ದು ಹುಡುಗ ದಿನಾ ನಿಲ್ಲುವ ಜಾಗಕ್ಕೇ. ನನ್ನ ಕೈ ನಡುಗುತ್ತಿತ್ತು. ಹಾಗೇ ರಿಜಿಸ್ಟರ್‌ನಲ್ಲಿ ಸಮಯ ಹಾಕಿ ಬರೆದೆ.

ಕೆಲವು ವಾರ ಬಿಟ್ಟು ತಪಾಸಣೆಗೆ ಗಣಿ ಸುರಕ್ಷತೆಯ ಅಧಿಕಾರಿ ಬಂದರು. ಆಫೀಸಿನಲ್ಲಿ ಕೂರಲಿಲ್ಲ, ಸೀದಾ ಡ್ರಿಲ್ ಹತ್ತಿರ ಹೋದರು. ನೀರು ಬಿಟ್ಟು ಕೊರೆಯುತ್ತಾರೋ ಇಲ್ಲವೋ ಅಂತ ಹುಡುಗನ ರೆಪ್ಪೆ ಮೇಲಿನ ದೂಳು ನೋಡಿದರು. ಕಲ್ಲಿನ ದೂಳು ಕುಡಿದು ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಕಾಯಿಲೆ ಬಂದರೆ ವಾಸಿಯಾಗುವುದಿಲ್ಲ, ಅದಕ್ಕೆ ಈ ನೀರು. ಆಮೇಲೆ ನನ್ನ ಆ ದಿನದ ಪುಟ ಓದಿ ಕೇಳಿದರು: "ಬಿರುಕು ಬಂತು ಅಂತ ಬರೆದಿದ್ದೀರಿ. ನೀರು ಎಲ್ಲಿಂದ ಬಂತು?"

ನಾನು ಅದನ್ನು ನೋಡಿರಲೇ ಇಲ್ಲ. ಮೇಲಿನ ಹೊಲದ ನೀರೆಲ್ಲ ಸೀದಾ ಬೆಂಚಿಗೇ ಇಳಿಯುತ್ತಿತ್ತು. ಮರುದಿನವೇ ಮೇಲಂಚಿನ ಉದ್ದಕ್ಕೂ ಕಾಲುವೆ ತೋಡಿಸಿದೆವು. ಈಗ ಮಳೆ ನಿಂತ ಬೆಳಿಗ್ಗೆ ನನ್ನ ಸುತ್ತು ಶುರುವಾಗುವುದು ಆ ಕಾಲುವೆಯಿಂದ.