ಮರಗೆಣಸು: ರೋಗ ತಡೆಯುವ ಸಸಿಯನ್ನು ಡಿಎನ್‌ಎಯಿಂದ ಆರಿಸುವುದು ಹೇಗೆ?

ಮೊಸಾಯಿಕ್ ರೋಗ ತಗುಲಿದರೆ ಮರಗೆಣಸಿನ ಎಲೆ ಹಳದಿ ಮಚ್ಚೆಗಟ್ಟಿ ಮುರುಟುತ್ತದೆ, ಗೆಡ್ಡೆ ಸೊರಗುತ್ತದೆ. ವೈರಸ್ಸನ್ನು ಬಿಳಿನೊಣ ಹರಡುತ್ತದೆ. ರೋಗದ ಗಿಡದ ಕಾಂಡದ ತುಂಡು ನೆಟ್ಟರೂ ಬರುತ್ತದೆ. ತಡೆಯುವ ತಳಿಯೇ ಗಟ್ಟಿ ಪರಿಹಾರ. ಆದರೆ ಒಂದು ಗಿಡದಿಂದ ಸಿಗುವ ತುಂಡುಗಳು ಕೆಲವೇ, ಪ್ರತಿ ಪರೀಕ್ಷೆಗೂ ಸುಮಾರು ಒಂದು ವರ್ಷದ ಬೆಳೆ ಬೇಕು. ಹಾಗಾಗಿ ಹೊಸ ತಳಿಗೆ 8–10 ವರ್ಷ ಹಿಡಿಯುತ್ತದೆ. ಬೇಡದ ಸಸಿಗಳನ್ನು ಹೊಲಕ್ಕೆ ಹೋಗುವ ಮೊದಲೇ ಕೈಬಿಡಲು ಡಿಎನ್‌ಎ ಮಾರ್ಕರ್ (ಬೇಕಾದ ಜೀನ್ ಇದೆಯೇ ಎಂದು ತೋರಿಸುವ ಡಿಎನ್‌ಎಯ ಗುರುತು) ಬಳಸುತ್ತಾರೆ.

ಮೊದಲು ತಂದೆ-ತಾಯಿ ಗಿಡಗಳ ಪರೀಕ್ಷೆ. ನೈಜೀರಿಯಾದ ನಾಟಿ ತಳಿ ಟಿಎಂಇ3ಯಲ್ಲಿರುವ ಸಿಎಂಡಿ2 ಎಂಬ ಪ್ರಬಲ (ಒಂದೇ ಪ್ರತಿ ಇದ್ದರೂ ರೋಗ ತಡೆಯುವ) ಜೀನ್ 12ನೇ ವರ್ಣತಂತುವಿನಲ್ಲಿದೆ. ನಿರೋಧಕ ಗಿಡದಲ್ಲಿ ಅದರ ಒಂದೇ ಪ್ರತಿ ಇದ್ದರೆ, ರೋಗಕ್ಕೆ ತುತ್ತಾಗುವ ತಳಿಯೊಡನೆ ಸಂಕರಿಸಿದಾಗ ಸರಿಸುಮಾರು ಅರ್ಧ ಸಸಿಗಳಿಗೆ ಜೀನ್ ಬರುತ್ತದೆ. ಎರಡೂ ಪ್ರತಿ ಇದ್ದರೆ ಎಲ್ಲ ಸಸಿಗಳಿಗೂ ಬರುತ್ತದೆ. ಆಗ ಸಸಿ ಪರೀಕ್ಷೆಗೆ ಹಣ ಸುರಿಯುವುದು ವ್ಯರ್ಥ. ಮಾರ್ಕರ್ ಎರಡೂ ಗಿಡಗಳಲ್ಲಿ ಒಂದೇ ರೀತಿ ಕಂಡರೆ ಅದರಿಂದ ಏನೂ ತಿಳಿಯದು, ಬೇರೆಯದನ್ನು ಹುಡುಕಬೇಕು.

ಹೆಣ್ಣು ಹೂವು ಅರಳುವ ಮೊದಲೇ ಚೀಲ ಕಟ್ಟಿ, ಅರಳಿದಾಗ ಪರಾಗ ಮುಟ್ಟಿಸಿ. ಒಂದು ಕಾಯಿಯಲ್ಲಿ ಹೆಚ್ಚೆಂದರೆ ಮೂರು ಬೀಜ. ಒಣಗಿದ ಕಾಯಿ ಸಿಡಿದು ಬೀಜ ಚೆಲ್ಲುತ್ತದೆ, ಆದ್ದರಿಂದ ಬಲಿಯುವ ಹೊತ್ತಿಗೂ ಚೀಲ ಬೇಕು.

ಸಸಿಯ ತೀರಾ ಎಳೆಯ ಎಲೆಯನ್ನೇ ತೆಗೆಯಿರಿ. ಬಲಿತ ಎಲೆಯ ಲೋಳೆ ಮತ್ತು ಪಾಲಿಫೀನಾಲ್‌ಗಳು ಡಿಎನ್‌ಎಗೆ ಅಂಟಿಕೊಂಡು ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲು ಮಾಡುವ ವಿಧಾನ) ಕೆಡಿಸುತ್ತವೆ. ಪುಡಿ ಮಾಡಿ, ಪಾಲಿಫೀನಾಲ್ ಹಿಡಿದಿಡುವ ಪಿವಿಪಿ ಬೆರೆಸಿದ, ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ ಸಿಟಿಎಬಿ ದ್ರಾವಣದಲ್ಲಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟು, ಕ್ಲೋರೋಫಾರ್ಮ್‌ನಿಂದ ಶುದ್ಧಗೊಳಿಸಿ. ಡಿಎನ್‌ಎಯ ಶುದ್ಧತೆ ತೋರಿಸುವ 260/280 ಅನುಪಾತ (260 ಮತ್ತು 280 ನ್ಯಾನೊಮೀಟರ್‌ ಬೆಳಕನ್ನು ಹೀರುವ ಪ್ರಮಾಣ) 1.8ರ ಆಸುಪಾಸಿನಲ್ಲಿರಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ನಷ್ಟ ತರುವುದು ಚೀಟಿ ಅದಲುಬದಲು: ತಪ್ಪು ಸಸಿ ಉಳಿದರೆ ಮುಂದಿನ ವರ್ಷಗಳೆಲ್ಲ ಹಾಳು. ಎಲೆ ಕೀಳುವಾಗಲೇ ಗಿಡದ ಸಂಖ್ಯೆಯನ್ನು ಇಬ್ಬರು ಓದಿ ಬರೆದುಕೊಳ್ಳಿ.

96 ಕುಳಿಗಳ ತಟ್ಟೆಯಲ್ಲಿ ಡಿಎನ್‌ಎ ಇಲ್ಲದ ಕುಳಿಯೊಂದನ್ನೂ, ಗುಣ ಗೊತ್ತಿರುವ ನಿರೋಧಕ (ಜೀನಿನ ಎರಡು ಪ್ರತಿ), ಮಿಶ್ರ (ಒಂದು ಪ್ರತಿ), ದುರ್ಬಲ (ಜೀನ್ ಇಲ್ಲದ) ಮಾದರಿಗಳನ್ನೂ ಸೇರಿಸಿ. ಕ್ಯಾಸ್ಪ್ ಎಂಬ ಪಿಸಿಆರ್ ಆಧಾರಿತ ವಿಧಾನದಲ್ಲಿ ಎರಡು ಬಣ್ಣದ ಹೊಳಪು ನೋಡಿ ಸಸಿಗಳನ್ನು ಗುಂಪು ಮಾಡುತ್ತಾರೆ. ಗುಂಪುಗಳ ನಡುವೆ ತೇಲುವ ಚುಕ್ಕೆಗಳನ್ನು ಊಹಿಸಿ ಸೇರಿಸದೆ ಮತ್ತೆ ಪರೀಕ್ಷಿಸಿ.

ಉಳಿದ ಸಸಿಗಳನ್ನು ಹೊಲದಲ್ಲಿ ನೋಡಲೇಬೇಕು, ಪಕ್ಕದ ಸಾಲಿನಲ್ಲಿ ರೋಗಕ್ಕೆ ತುತ್ತಾಗುವ ತಳಿ ಇರಲಿ. ಮಾರ್ಕರ್ ಜೀನಿನ ಹತ್ತಿರ ಮಾತ್ರ ಇದ್ದರೆ ಮುಂದಿನ ಪೀಳಿಗೆಯಲ್ಲಿ ಎರಡೂ ಬೇರ್ಪಟ್ಟು ಮೋಸವಾಗಬಹುದು. 2022ರಲ್ಲಿ ಸಿಎಂಡಿ2ರ ಹಿಂದಿರುವ ಬದಲಾವಣೆ ಡಿಎನ್‌ಎ ಪಾಲಿಮರೇಸ್ ಡೆಲ್ಟಾ ಎಂಬ, ಡಿಎನ್‌ಎ ನಕಲಿಸುವ ಕಿಣ್ವದ ಜೀನಿನಲ್ಲೇ ಪತ್ತೆಯಾಯಿತು; ಆದರೆ ಎಲ್ಲ ನಿರೋಧಕ ತಳಿಗಳಲ್ಲೂ ಅದು ಒಂದೇ ಜಾಗದಲ್ಲಿಲ್ಲ. ಇಳುವರಿಗಾಗಲಿ ಪಿಷ್ಟಕ್ಕಾಗಲಿ ಇಂಥ ಒಂದೇ ಮಾರ್ಕರ್ ಸಾಲದು. ಅವು ಹಲವು ಜೀನ್‌ಗಳ ಕೂಡುಗುಣ, ಅವಕ್ಕೆ ಇಡೀ ಜೀನೋಮಿನ ಸಾವಿರಾರು ಮಾರ್ಕರ್‌ಗಳನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ.