ಕಿವಿ ಕೇಳದ ನಾಯಿಗೆ ಕೈಸನ್ನೆ ಕಲಿಸುವುದು

ಬಾಗಲಕೋಟೆ ನವನಗರದ ನಮ್ಮ ಮನೆಯ ಮುಧೋಳ ನಾಯಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮೊದಮೊದಲು ಹಟಮಾರಿ ಅಂತ ಸುಮ್ನೆ ಬೈಯುತ್ತಿದ್ದೆವು. ನಿಮಗೂ ಅನುಮಾನ ಇದ್ದರೆ, ನಾಯಿ ಮಲಗಿದ್ದಾಗ ಅದಕ್ಕೆ ಕಾಣದಂತೆ ದೂರ ನಿಂತು ತಟ್ಟೆ ಬಡಿದು ನೋಡಿ. ಹತ್ತಿರ ಹೋದರೆ ನೆಲ ಅದುರಿದ್ದಕ್ಕೇ ಎದ್ದುಬಿಡುತ್ತದೆ. ಕಿವಿ ಅಲುಗದಿದ್ದರೆ ಪಶುವೈದ್ಯರಿಗೆ ತೋರಿಸಿ, ಬರೀ ಸೋಂಕೂ ಇರಬಹುದು.

ಮುಧೋಳ ತಳಿ ಕಣ್ಣಿನಿಂದ ಬೇಟೆ ಹಿಡಿಯುವಂಥದ್ದು. ಹಾಗಾಗಿ ಸನ್ನೆ ಬೇಗ ಹತ್ತಿತು. ಮೊದಲು ಕಲಿಸಬೇಕಾದದ್ದು 'ಕೂತ್ಕೋ' ಅಲ್ಲ, ನಮ್ಮ ಮುಖ ನೋಡುವುದು. ತಾನಾಗಿ ನೋಡಿದಾಗಲೆಲ್ಲ ಹೆಬ್ಬೆರಳು ಎತ್ತಿ, ತಕ್ಷಣ ಒಂದು ಚೂರು ಬೇಯಿಸಿದ ಮೊಟ್ಟೆಯನ್ನೋ ಜೋಳದ ರೊಟ್ಟಿಯನ್ನೋ ಕೊಡಿ. (ಉಳ್ಳಾಗಡ್ಡಿ ಪಲ್ಯ ತಾಗಿದ ರೊಟ್ಟಿ ಬೇಡ, ಉಳ್ಳಾಗಡ್ಡಿ ನಾಯಿಗೆ ವಿಷ.) ಬರಬರುತ್ತ ಹೆಬ್ಬೆರಳು ಅಂದರೆ 'ಭೇಷ್' ಅಂತ ಅದಕ್ಕೆ ತಿಳಿಯುತ್ತದೆ. ಒಂದು ಸಲಕ್ಕೆ 5 ನಿಮಿಷ ಸಾಕು. ಮನೆಮಂದಿಯೆಲ್ಲ ಒಂದೇ ಸನ್ನೆ ಮಾಡಬೇಕು. ನಮ್ಮಲ್ಲಿ ಅಜ್ಜಿಯದು ಒಂದು, ಮಕ್ಕಳದು ಇನ್ನೊಂದು. ಪಾಪ, ಅದು ಕಂಗಾಲಾಗಿತ್ತು.

ಮಲಗಿದ್ದಾಗ ಮೈ ಮುಟ್ಟಿ ಎಬ್ಬಿಸಬೇಡಿ, ಬೆಚ್ಚಿ ಕಚ್ಚಬಹುದು. ಮೂಗಿನ ಹತ್ತಿರ ಕೈ ಹಿಡಿಯಿರಿ, ವಾಸನೆಗೆ ಏಳುತ್ತದೆ. ಎದ್ದ ಕೂಡಲೇ ತಿನಿಸು ಕೊಡಿ. ಕತ್ತಲಾದ ಮೇಲೆ ಒಳಗೆ ಕರೆಯಲು ಅಂಗಳದ ಲೈಟನ್ನು ಎರಡು ಸಲ ಆರಿಸಿ ಹಚ್ಚುವುದನ್ನು ರೂಢಿ ಮಾಡಿಸಿ.

ಹೊರಗೆ ಮಾತ್ರ ಹಗ್ಗ ಬಿಚ್ಚಲೇಬೇಡಿ. ಮೊಲ ಕಂಡರೆ ಕಿವಿ ಕೇಳುವ ಮುಧೋಳ ನಾಯಿಯೇ ನಮ್ಮ ಮಾತು ಕೇಳಲ್ಲ, ಇದು ಕೇಳುತ್ತಾ?