ಒಂದು ಕಾಯಿಲೆ, ಹಲವು ಕೋಡ್: ಸರಿಯಾದ ಜೋಡಿ ಹುಡುಕುವುದು ಹೇಗೆ?

ಐಸಿಡಿ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ. ಟೈಪ್ 2 ಮಧುಮೇಹಕ್ಕೆ ಅದರ ಹತ್ತನೇ ಆವೃತ್ತಿ ಐಸಿಡಿ-10ರಲ್ಲಿ ಇ11 ಎಂಬ ಕೋಡ್ ಇದೆ. ಐಸಿಡಿ-11ರಲ್ಲಿ ಅದೇ 5ಎ11. ವೈದ್ಯರ ದಾಖಲೆಗೆಂದು ಮಾಡಿದ ವೈದ್ಯಕೀಯ ಪದಕೋಶ ಸ್ನೋಮೆಡ್ ಸಿಟಿಯಲ್ಲಿ 44054006. ವೈದ್ಯರ ದಾಖಲೆ ಒಂದು ಪದ್ಧತಿಯಲ್ಲಿ, ವಿಮೆಯ ಬಿಲ್ ಇನ್ನೊಂದರಲ್ಲಿ, ಸಂಶೋಧಕರ ಕಡತ ಮತ್ತೊಂದರಲ್ಲಿ ಇದ್ದರೆ ಇವನ್ನು ಜೋಡಿಸಲೇಬೇಕಾಗುತ್ತದೆ. ಈ ಕೆಲಸಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟುಕೊಂಡು ಹೆಸರಿಗೆ ಹೆಸರು ಹೊಂದಿಸಿದರೆ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. ಹಾಗೆ ಮಾಡಿದ ಕಡತಗಳಿಂದ ರೋಗಿಗಳ ಎಣಿಕೆಯೇ ತಪ್ಪುತ್ತದೆ.

ಹುಡುಕುವ ಮೊದಲು ಒಂದು ವಾಕ್ಯ ಬರೆದಿಡಿ: ಈ ಜೋಡಣೆ ಯಾವ ಕೆಲಸಕ್ಕೆ? ಸಾವಿನ ಕಾರಣಗಳ ಅಂಕಿಅಂಶಕ್ಕೆ, ಬಿಲ್ಲಿಂಗ್‌ಗೆ, ಇಲ್ಲವೇ ರೋಗಿಯ ಚಿಕಿತ್ಸೆಗೆ? ಐಸಿಡಿ ಇರುವುದು ಎಣಿಸಲು. ಅದರಲ್ಲಿ ಪ್ರತಿಯೊಂದು ಕಾಯಿಲೆಗೂ ಎಲ್ಲೋ ಒಂದು ಜಾಗ ಸಿಗಬೇಕು. ಬೇರೆಲ್ಲೂ ಸಲ್ಲದವು ‘ಇತರೆ’, ‘ಅನಿರ್ದಿಷ್ಟ’ ಎಂಬ ವರ್ಗಗಳಿಗೆ ಬೀಳುತ್ತವೆ. ಸ್ನೋಮೆಡ್ ಇರುವುದು ವೈದ್ಯರು ಕಂಡದ್ದನ್ನು ಕಂಡ ಹಾಗೆ ದಾಖಲಿಸಲು. ಅದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿವೆ. ಹೀಗಾಗಿ ಎಣಿಕೆಗೆಂದು ಮಾಡಿದ ಜೋಡಣೆಯನ್ನು ಚಿಕಿತ್ಸೆಯ ಎಚ್ಚರಿಕೆ ನೀಡುವ ತಂತ್ರಾಂಶಕ್ಕೆ ಹಾಕಬಾರದು.

ಎರಡನೆಯದಾಗಿ, ನಿಮ್ಮ ಕೈಯಲ್ಲಿರುವ ಆವೃತ್ತಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಕಡತದ ಮೇಲೆ ಬರೀ ‘ಐಸಿಡಿ-10’ ಎಂದಿದ್ದರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10 ಬೇರೆ, ಅಮೆರಿಕ ತನಗಾಗಿ ವಿಸ್ತರಿಸಿಕೊಂಡ ಐಸಿಡಿ-10-ಸಿಎಂ ಬೇರೆ. ಮೊದಲ ಮೂರು ಅಕ್ಷರಗಳು ಬಹುಪಾಲು ಒಂದೇ ಆಗಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಅದು ಎಷ್ಟು ತೊಡಕಿನದ್ದು ಎಂಬುದಕ್ಕೆ ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿ, ಅಂದರೆ ಡಯಾಬಿಟಿಕ್ ರೆಟಿನೋಪತಿಯನ್ನೇ ನೋಡಿ. ಮೂಲ ಐಸಿಡಿ-10ರಲ್ಲಿ ಇದಕ್ಕೆ ಎರಡು ಕೋಡ್ ಒಟ್ಟಿಗೆ ಬೇಕು: ಮೂಲ ಕಾಯಿಲೆಗೆ ಕಠಾರಿ (†) ಗುರುತಿನ ಇ11.3, ಕಣ್ಣಿನ ತೊಂದರೆಗೆ ನಕ್ಷತ್ರ (*) ಗುರುತಿನ ಎಚ್36.0. ಅಮೆರಿಕದ ಆವೃತ್ತಿಯಲ್ಲಿ ಎರಡೂ ಸಂಗತಿ ಒಂದೇ ಕೋಡ್‌ನೊಳಗೆ ಅಡಕವಾಗಿವೆ, ಇ11.319 ಅಂಥದ್ದೊಂದು. ಐಸಿಡಿ-11ರಲ್ಲಿ 9ಬಿ71.0 ಗುಂಪಿನ ಕೋಡ್ ಬರೆದು, ಓರೆಗೆರೆ ಹಾಕಿ, 5ಎ11 ಸೇರಿಸಬೇಕು. ಇಷ್ಟಾದ ಮೇಲೆ ಯಾರೋ ‘ಒಂದು ಸಾಲಿಗೆ ಒಂದೇ ಕೋಡ್’ ಎಂದು ಹಟ ಹಿಡಿದು ಇ11.3 ಮಾತ್ರ ಉಳಿಸಿಕೊಂಡರು ಎನ್ನಿ. ಇ11.3 ಎಂದರೆ ಮಧುಮೇಹದಿಂದಾದ ಕಣ್ಣಿನ ತೊಂದರೆ ಎಂದಷ್ಟೇ ಅರ್ಥ. ಮಧುಮೇಹದ ಕಣ್ಣಿನ ಪೊರೆಯೂ ಅದರಲ್ಲೇ ಬರುತ್ತದೆ. ರೋಗಿಗೆ ಇದ್ದದ್ದು ಪೊರೆಯೋ ಅಕ್ಷಿಪಟಲದ ಹಾನಿಯೋ ಎಂದು ಆ ಕಡತದಿಂದ ಇನ್ನೆಂದೂ ಗೊತ್ತಾಗುವುದಿಲ್ಲ.

ಸಿದ್ಧ ಜೋಡಣೆಗಳು ಎಲ್ಲಿ ಸಿಗುತ್ತವೆ?

ಹೊಸದಾಗಿ ಮಾಡಲು ಹೊರಡಬೇಡಿ. ಪರಿಣತರು ಮಾಡಿಟ್ಟಿರುವುದು ಬೇಕಾದಷ್ಟಿದೆ. ಐಸಿಡಿ-10 ಮತ್ತು ಐಸಿಡಿ-11ರ ನಡುವಿನ ಕೋಷ್ಟಕಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಜಾಲತಾಣದಿಂದ ಇಳಿಸಿಕೊಳ್ಳಬಹುದು. 10ರಿಂದ 11ಕ್ಕೆ ಒಂದು, 11ರಿಂದ 10ಕ್ಕೆ ಇನ್ನೊಂದು. ಒಂದನ್ನೇ ತಿರುಗಿಸಿ ಬಳಸಿದರಾಗದೇ ಎಂದು ಕೇಳಬೇಡಿ, ಆಗುವುದಿಲ್ಲ. ಸ್ನೋಮೆಡ್‌ನಿಂದ ಐಸಿಡಿ-10ಕ್ಕೆ ಹೋಗುವ ಜೋಡಣೆ ಸ್ನೋಮೆಡ್‌ನ ಅಧಿಕೃತ ಬಿಡುಗಡೆಯ ಒಳಗೇ ಇರುತ್ತದೆ. ಬಳಸಲು ಪರವಾನಗಿ ಬೇಕು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1986ರಲ್ಲಿ ಆರಂಭಿಸಿದ ಯುಎಂಎಲ್‌ಎಸ್, ಹಲವು ಪದ್ಧತಿಗಳ ಸಮಾನಾರ್ಥಕ ಪದಗಳನ್ನು ಒಂದೇ ಗುರುತಿನ ಸಂಖ್ಯೆಯ ಕೆಳಗೆ ತರುತ್ತದೆ. ಟೈಪ್ 2 ಮಧುಮೇಹದ್ದು ಸಿ0011860. ಖಾತೆ ತೆರೆದರೆ ಉಚಿತ. ಸಂಶೋಧನಾ ದತ್ತಾಂಶದ ಕೆಲಸವಾದರೆ ಅಥೀನಾ ಎಂಬ ತಾಣದಲ್ಲಿ ಹುಡುಕಿ. ಅಲ್ಲಿ ಕೋಡ್ ತೆರೆದರೆ, ಜೋಡಿ ಇರುವ ಕಡೆ ‘ಮ್ಯಾಪ್ಸ್ ಟು’ ಎಂಬ ಸಂಬಂಧ ಅದರ ಮಾನಕ ಪರಿಕಲ್ಪನೆಯನ್ನು, ಅಂದರೆ ಎಲ್ಲ ಪದ್ಧತಿಗಳಿಗೂ ಸಾಮಾನ್ಯವಾಗಿ ಆರಿಸಿಟ್ಟ ಕೋಡನ್ನು, ತೋರಿಸುತ್ತದೆ.

ಸಾಲನ್ನು ಪೂರ್ತಿ ಓದಿ

ಕೋಷ್ಟಕ ಸಿಕ್ಕಿದ ಕೂಡಲೇ ಮೊದಲ ಮತ್ತು ಕೊನೆಯ ಕಾಲಂ ಇಟ್ಟುಕೊಂಡು ನಡುವಿನದನ್ನೆಲ್ಲ ಅಳಿಸುವವರಿದ್ದಾರೆ. ನಿಜವಾದ ಮಾಹಿತಿ ಇರುವುದೇ ನಡುವೆ. ಸ್ನೋಮೆಡ್–ಐಸಿಡಿ ಜೋಡಣೆಯಲ್ಲಿ ಗುಂಪು, ಆದ್ಯತೆ, ನಿಯಮ, ಸಲಹೆ ಎಂಬ ಕಾಲಂಗಳಿವೆ. ರೋಗಿಯ ವಯಸ್ಸು, ಲಿಂಗ ಅಥವಾ ಜೊತೆಗಿರುವ ಕಾಯಿಲೆಯನ್ನು ನೋಡಿ ಕೋಡ್ ಬದಲಾಗುತ್ತದೆ. ಗುಂಪು ಎರಡಿದ್ದರೆ ಎರಡು ಕೋಡ್ ಬೇಕೆಂದರ್ಥ. ಆದ್ಯತೆಯ ಕ್ರಮದಲ್ಲಿ ಒಂದೊಂದೇ ನಿಯಮವನ್ನು ಪರೀಕ್ಷಿಸುತ್ತಾ ಬನ್ನಿ. ಮೊದಲು ಹೊಂದಿದ್ದನ್ನು ತೆಗೆದುಕೊಳ್ಳಿ.

ನಿಮ್ಮ ಕಡತದಲ್ಲಿ ನೀವೂ ಒಂದು ಕಾಲಂ ಸೇರಿಸಲೇಬೇಕು: ಸಂಬಂಧ ಎಂಥದ್ದು? ಎರಡೂ ಸಮಾನವೇ, ಗುರಿ ಕೋಡ್ ಹೆಚ್ಚು ವಿಶಾಲವೇ, ಹೆಚ್ಚು ಕಿರಿದೇ, ಅಥವಾ ಜೋಡಿಯೇ ಇಲ್ಲವೇ. ಈ ಕಾಲಂ ಇಲ್ಲದ ಮ್ಯಾಪಿಂಗನ್ನು ನಾನು ನಂಬುವುದಿಲ್ಲ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರವರೆಗೆ ಬಳಕೆಯಲ್ಲಿದ್ದ ಐಸಿಡಿ-9-ಸಿಎಂನಲ್ಲಿ 250.00 ಎಂಬ ಕೋಡ್ ಇತ್ತು. ಟೈಪ್ 2 ಮಧುಮೇಹವೂ, ಬಗೆ ತಿಳಿಸದ ಮಧುಮೇಹವೂ ಅದರಡಿ ಬರುತ್ತಿದ್ದವು. ಐಸಿಡಿ-10-ಸಿಎಂಗೆ ಹೋಗುವಾಗ ಅದು ಇ11.9 ಆಗುತ್ತದೆ, ಅಂದರೆ ಬಗೆಯೇ ಗೊತ್ತಿಲ್ಲದಿದ್ದ ರೋಗಿಗಳೂ ಟೈಪ್ 2 ಎಂದಾಗಿಬಿಡುತ್ತಾರೆ. ‘ಅಂದಾಜು ಹೊಂದಿಕೆ’ ಎಂದು ಗುರುತಿಸಿಟ್ಟರೆ ಮುಂದೆ ಓದುವವರಿಗೆ ಎಚ್ಚರಿಕೆಯಾದರೂ ಇರುತ್ತದೆ.

ಇದೇ ಕಾರಣಕ್ಕೆ ಒಂದು ಜೋಡಣೆಯ ಮೇಲೆ ಇನ್ನೊಂದನ್ನು ಪೋಣಿಸುವುದೂ ಅಪಾಯ. ಪ್ರತಿ ಹಂತದಲ್ಲೂ ಅರ್ಥ ಸ್ವಲ್ಪ ಸ್ವಲ್ಪ ಸೋರುತ್ತದೆ. ನೇರ ಜೋಡಣೆ ಇದ್ದರೆ ಅದನ್ನೇ ಬಳಸಿ.

ಪ್ರಯೋಗಾಲಯದ ಪರೀಕ್ಷೆಗಳಿಗೆ ಲಾಯಿಂಕ್ ಪದ್ಧತಿ ಇದೆ. ಇಲ್ಲಿ ಪರೀಕ್ಷೆಯ ಹೆಸರೊಂದೇ ಏನೇನೂ ಸಾಲದು. ‘ಗ್ಲೂಕೋಸ್’ ಎಂದಿದ್ದರೆ ಮಾದರಿ ಯಾವುದು, ಅಳತೆಯ ಘಟಕ ಯಾವುದು ಎಂದು ಕೇಳಿ. ಸೀರಮ್ ಅಥವಾ ಪ್ಲಾಸ್ಮಾದಲ್ಲಿ ತೂಕದ ಲೆಕ್ಕದಲ್ಲಿ ಅಳೆದರೆ 2345-7, ಮೋಲ್ ಲೆಕ್ಕದಲ್ಲಾದರೆ 14749-6, ರಕ್ತದಲ್ಲಿ ತೂಕದ ಲೆಕ್ಕದಲ್ಲಾದರೆ 2339-0. ಪ್ರತಿ ಲೀಟರ್‌ಗೆ 1 ಮಿಲಿಮೋಲ್ ಎಂದರೆ ಪ್ರತಿ ಡೆಸಿಲೀಟರ್‌ಗೆ ಸುಮಾರು 18 ಮಿಲಿಗ್ರಾಂ. ಈ ಎರಡನ್ನು ಒಂದೇ ಕೋಡ್‌ಗೆ ತುಂಬಿದರೆ ಆರೋಗ್ಯವಂತರ ಫಲಿತಾಂಶವೂ ಜೀವಕ್ಕೆ ಅಪಾಯವೆಂಬಂತೆ ಕಾಣುತ್ತದೆ.

ಸಿದ್ಧ ಜೋಡಣೆ ಸಿಗದ ಕೋಡ್‌ಗಳು ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಹೆಚ್ಚು ಸಲ ಬಳಕೆಯಾದವನ್ನು ಮೊದಲು ಕೈಗೆತ್ತಿಕೊಳ್ಳಿ. ಒಂದೇ ಪಟ್ಟಿಯನ್ನು ಇಬ್ಬರು ಬೇರೆಬೇರೆಯಾಗಿ ಮಾಡಲಿ. ಭಿನ್ನವಾಗಿ ಬಂದ ಸಾಲುಗಳನ್ನು ಆ ವಿಭಾಗದ ವೈದ್ಯರ ಮುಂದಿಡಿ. ಜೋಡಿ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ, ಹತ್ತಿರದ್ದನ್ನು ತುರುಕಬೇಡಿ. ಪೂರ್ತಿಯಾದ ಮೇಲೆ ಎರಡೂ ಕಡೆ ಒಟ್ಟು ರೋಗಿಗಳನ್ನು ಎಣಿಸಿ ತಾಳೆ ನೋಡಿ. ಅಧ್ಯಾಯವಾರು ಮೊತ್ತ ಬದಲಾದರೆ ಗಾಬರಿ ಬೇಡ, ಕಾರಣ ಹುಡುಕಿ: ಐಸಿಡಿ-10ರಲ್ಲಿ ರಕ್ತಪರಿಚಲನೆಯ ಅಧ್ಯಾಯದಲ್ಲಿದ್ದ ಪಾರ್ಶ್ವವಾಯು ಐಸಿಡಿ-11ರಲ್ಲಿ ನರಮಂಡಲದ ಅಧ್ಯಾಯಕ್ಕೆ ಹೋಗಿದೆ.

ಪ್ರತಿ ಸಾಲಿನಲ್ಲೂ ಎರಡೂ ಪದ್ಧತಿಗಳ ಆವೃತ್ತಿ, ಪರಿಶೀಲಿಸಿದ ದಿನಾಂಕ, ಪರಿಶೀಲಿಸಿದವರ ಹೆಸರು ಇರಲಿ. ಲಾಯಿಂಕ್ ವರ್ಷಕ್ಕೆ ಎರಡು ಬಾರಿ ಹೊಸದಾಗಿ ಬರುತ್ತದೆ, ಸ್ನೋಮೆಡ್‌ನ ಅಂತರರಾಷ್ಟ್ರೀಯ ಆವೃತ್ತಿ ಈಗ ಪ್ರತಿ ತಿಂಗಳೂ ಬರುತ್ತಿದೆ. ಹೊಸ ಬಿಡುಗಡೆಯಲ್ಲಿ ನಿಷ್ಕ್ರಿಯವಾದ ಕೋಡ್‌ಗಳನ್ನು ಹೆಕ್ಕಿ, ಅವುಗಳ ಬದಲಿಗೆ ಸ್ನೋಮೆಡ್ ಸೂಚಿಸುವ ಪರಿಕಲ್ಪನೆಯನ್ನು ನೋಡಿ, ಆ ಸಾಲುಗಳನ್ನಷ್ಟೇ ಮತ್ತೆ ಪರಿಶೀಲನೆಗೆ ಕಳುಹಿಸಿ.